ವಾಹನದ ಲಾಗ್ ಪುಸ್ತಕ ಕೇಳಿದರೆ ಒಟ್ಟು ಮೊತ್ತದ ಒಂದೇ ಹಾಳೆ ಕೊಟ್ಟಿದ್ದಾರೆ: ಮುಂದೇನು ಮಾಡಬೇಕು?

ವಿದ್ಯಾನಗರ ನಿವಾಸಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಅವಳಿ ನಗರದ ಒಂದು ಸರ್ಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೆ. ಪ್ರಕರಣ ಇನ್ನೂ ನಡೆಯುತ್ತಿರುವುದರಿಂದ ಕಚೇರಿಯ ಹೆಸರು ಬರೆಯುವುದಿಲ್ಲ. ಎರಡು ಆರ್ಥಿಕ ವರ್ಷಗಳಲ್ಲಿ ಬಳಸಿದ ಪ್ರತಿ ವಾಹನದ ಲಾಗ್ ಪುಸ್ತಕ (ಗಾಡಿ ಯಾವ ದಿನ ಎಲ್ಲಿಗೆ, ಎಷ್ಟು ಕಿಲೋಮೀಟರ್ ಓಡಿತೆಂದು ಬರೆಯುವ ಪುಸ್ತಕ), ಇಂಧನದ ಬಿಲ್ಲು, ದುರಸ್ತಿಯ ಬಿಲ್ಲು, ಬಾಡಿಗೆ ವಾಹನಗಳ ಕರಾರು ಪತ್ರ, ಇವುಗಳ ಪ್ರತಿ ಕೇಳಿದ್ದೆ. ಬಂದದ್ದು ಒಂದು ಹಾಳೆ. ಇಂಧನಕ್ಕೆ ಇಷ್ಟು, ದುರಸ್ತಿಗೆ ಇಷ್ಟು, ಬಾಡಿಗೆಗೆ ಇಷ್ಟು, ಒಟ್ಟು ಇಷ್ಟು ಲಕ್ಷ.

ಲಾಗ್ ಪುಸ್ತಕ ಕೊಡದಿರುವುದಕ್ಕೆ ಎರಡು ಕಾರಣ ಬರೆದಿದ್ದಾರೆ. ಪುಟಗಳು ಬಹಳ ಇರುವುದರಿಂದ 7(9)ನೇ ಕಲಂ ಪ್ರಕಾರ ಕೊಡಲಾಗದು ಎಂಬುದು ಮೊದಲನೆಯದು. ಅಧಿಕಾರಿಗಳ ಓಡಾಟ ಅವರ ವೈಯಕ್ತಿಕ ಮಾಹಿತಿ, 8(1)(ಜೆ) ಪ್ರಕಾರ ಕೊಡಲಾಗದು ಎಂಬುದು ಎರಡನೆಯದು.

ಈ ಕಚೇರಿಯ ವಾಹನ ಭಾನುವಾರ ಮದುವೆ ಮಂಟಪದ ಮುಂದೆ ನಿಂತಿರುವುದನ್ನು, ಸಂಜೆ ಹೊತ್ತು ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಬರುವುದನ್ನು ನಮ್ಮ ಓಣಿಯವರೆಲ್ಲ ನೋಡಿದ್ದಾರೆ. ಅದೇ ಕಚೇರಿಯ ಕ್ಷೇತ್ರ ಸಿಬ್ಬಂದಿ ಸ್ವಂತ ಬೈಕಿಗೆ ಸ್ವಂತ ಹಣದಿಂದ ಪೆಟ್ರೋಲ್ ಹಾಕಿಸಿಕೊಂಡು ತಿರುಗುತ್ತಾರೆ. ನನಗೆ ಸಿಟ್ಟು ಬಂದಿರುವುದು ಇದಕ್ಕೆ. ಮೇಲ್ಮನವಿ ಹಾಕಬೇಕೇ, ಹೊಸ ಅರ್ಜಿ ಹಾಕಬೇಕೇ? ಅನುಭವ ಇದ್ದವರು ತಿಳಿಸಿ.

ಕೆಸಿಡಿ ಹಳೆಯ ವಿದ್ಯಾರ್ಥಿ, ಧಾರವಾಡ

ಎರಡನ್ನೂ ಮಾಡಿ. ಮೇಲ್ಮನವಿಯ ಗಡುವನ್ನು ಮಾತ್ರ ತಪ್ಪಿಸಬೇಡಿ. ಉತ್ತರ ಕೈಸೇರಿದ 30 ದಿನಗಳೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹೋಗಬೇಕು.

ವಕೀಲ, ಧಾರವಾಡ

ಅವರು ಕೊಟ್ಟ ಎರಡೂ ಕಾರಣಗಳು ನಿಲ್ಲುವುದಿಲ್ಲ. ಒಂದೊಂದಾಗಿ ಹೇಳುತ್ತೇನೆ.

7(9)ನೇ ಕಲಂ ಮಾಹಿತಿಯನ್ನು ನಿರಾಕರಿಸಲು ಇರುವುದಲ್ಲ. ಕೇಳಿದ ರೂಪದಲ್ಲೇ ಮಾಹಿತಿ ಕೊಡಬೇಕು, ಹಾಗೆ ಕೊಡುವುದರಿಂದ ಕಚೇರಿಯ ಸಂಪನ್ಮೂಲ ವಿಪರೀತವಾಗಿ ಬೇರೆಡೆ ತಿರುಗುವಂತಿದ್ದರೆ ಬೇರೆ ರೂಪದಲ್ಲಿ ಕೊಡಬಹುದು ಎಂದು ಅದು ಹೇಳುತ್ತದೆ. ಪುಟ ಹೆಚ್ಚಿದ್ದರೆ "ಬಂದು ನೋಡಿಕೊಳ್ಳಿ" ಎಂದು ಅವರು ಬರೆಯಬೇಕಿತ್ತು. ಕಾಯ್ದೆಯ 2(ಜೆ) ಕಲಂ ದಾಖಲೆಗಳನ್ನು ಪರಿಶೀಲಿಸುವ, ಟಿಪ್ಪಣಿ ಮಾಡಿಕೊಳ್ಳುವ, ದೃಢೀಕೃತ ಪ್ರತಿ ಪಡೆಯುವ ಹಕ್ಕನ್ನು ನಿಮಗೆ ಕೊಟ್ಟಿದೆ. ಮೇಲ್ಮನವಿಯಲ್ಲಿ ಇದನ್ನೇ ಬರೆಯಿರಿ: "ಪ್ರತಿಗಳು ಹೆಚ್ಚಾದರೆ ಖುದ್ದು ಪರಿಶೀಲನೆಗೆ ದಿನಾಂಕ ನೀಡಿ."

8(1)(ಜೆ) ವಿಷಯ ಸ್ವಲ್ಪ ಸೂಕ್ಷ್ಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಈ ಉಪಕಲಮಿನ ಹಳೆಯ ಮಾತುಗಳನ್ನು ತೆಗೆದುಹಾಕಿತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಇಲ್ಲವೇ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ಮೊದಲು ವಿನಾಯಿತಿ ಇತ್ತು. ಶಾಸಕಾಂಗಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ನಾಗರಿಕನಿಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲಿ ಇತ್ತು. ಈಗ ಉಳಿದಿರುವುದು "ವೈಯಕ್ತಿಕ ಮಾಹಿತಿ" ಎಂಬಷ್ಟೇ. ಆದರೆ 8(2) ಹಾಗೆಯೇ ಇದೆ. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾಗಿದ್ದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು. ಅಲ್ಲದೆ ಸರ್ಕಾರಿ ವಾಹನದ ನೋಂದಣಿ ಸಂಖ್ಯೆ, ಅದು ಓಡಿದ ಕಿಲೋಮೀಟರ್, ಕುಡಿದ ಡೀಸೆಲ್ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಅಧಿಕಾರಿಯ ಹೆಸರು ಕೇಳಬೇಡಿ, ಹುದ್ದೆ ಕೇಳಿ.

ಗೋಕುಲ ರಸ್ತೆ, ಹುಬ್ಬಳ್ಳಿ

ಇಷ್ಟೆಲ್ಲ ಶ್ರಮ ಯಾವುದಕ್ಕೆ? 2023ರಲ್ಲಿ ರಾಜ್ಯ ಸರ್ಕಾರ ಸಚಿವರಿಗಾಗಿ 33 ಹೊಸ ಕಾರುಗಳಿಗೆ 9.9 ಕೋಟಿ ರೂಪಾಯಿ ಮಂಜೂರು ಮಾಡಿತು. ಅದನ್ನು ಬಿಟ್ಟು ಒಂದು ಕಚೇರಿಯ ಜೀಪಿನ ಡೀಸೆಲ್ ಲೆಕ್ಕ ಕೇಳುತ್ತಿದ್ದೀರಿ. ದೊಡ್ಡವರನ್ನು ಹಿಡಿಯಿರಿ.

ಹಳೇ ಹುಬ್ಬಳ್ಳಿ ಶಿಕ್ಷಕಿ

ಗೋಕುಲ ರಸ್ತೆಯವರೇ, ಆ 9.9 ಕೋಟಿ ನಿಮಗೆ ತಿಳಿದದ್ದು ಸರ್ಕಾರಿ ಆದೇಶ ಹೊರಬಿದ್ದದ್ದರಿಂದ. ಪತ್ರಿಕೆಗಳು ಬರೆದವು, ವಿರೋಧ ಪಕ್ಷದವರು ಮಾತನಾಡಿದರು, ಜನ ಬೈದರು. ಪ್ರತಿದಿನ ಮಧ್ಯಾಹ್ನ ಮನೆಗೆ ಊಟಕ್ಕೆ ಹೋಗಿ ಬರುವ ಜೀಪಿಗೆ ಯಾವ ಆದೇಶವೂ ಇಲ್ಲ, ಯಾವ ಪತ್ರಿಕೆಯೂ ಬರೆಯುವುದಿಲ್ಲ. ಜಿಲ್ಲೆಯಲ್ಲಿ ಎಷ್ಟು ಇಲಾಖೆಗಳಿವೆ, ಒಂದೊಂದು ಇಲಾಖೆಗೆ ಎಷ್ಟು ತಾಲೂಕು ಕಚೇರಿಗಳಿವೆ ಎಂದು ಎಣಿಸಿ ನೋಡಿ. ಸಣ್ಣದು ಎನ್ನುವ ಮಾತನ್ನು ಆಮೇಲೆ ಆಡಿ.

ಗೋಕುಲ ರಸ್ತೆ, ಹುಬ್ಬಳ್ಳಿ

ಎಣಿಸಿದರೂ ಶಿಕ್ಷೆ ಯಾರಿಗೆ ಆಗುತ್ತದೆ, ಅಕ್ಕಾವರೇ? ಕೊನೆಗೆ ಚಾಲಕನಿಗೆ ಒಂದು ನೋಟಿಸ್. ನಾನು ಕಂಡದ್ದು ಅಷ್ಟೇ.

ನಿವೃತ್ತ ಚಾಲಕ, ಗದಗ

ಈ ಮಾತು ನಿಜ. ಸೇವೆಯ ಉದ್ದಕ್ಕೂ ಇಲಾಖೆಯ ವಾಹನ ಓಡಿಸಿದವನು ನಾನು. ಲಾಗ್ ಪುಸ್ತಕ ಬರೆಯುವವನು ಚಾಲಕ, ಸಹಿ ಮಾಡುವವನು ಅಧಿಕಾರಿ. ಏನು ಬರೆಯಬೇಕೆಂದು ಹೇಳುವವರೂ ಅವರೇ. ತಿಂಗಳ ಕೊನೆಗೆ ಕುಳಿತು ಹಿಂದಿನ ದಿನಗಳದ್ದನ್ನೆಲ್ಲ ಒಂದೇ ಸಲ ತುಂಬಿಸುವ ಪದ್ಧತಿ ಹಲವು ಕಡೆ ಇದೆ. ಅಂಥ ಪುಸ್ತಕ ನೋಡಿದೊಡನೆ ಗೊತ್ತಾಗುತ್ತದೆ. ಒಂದೇ ಪೆನ್ನು, ಒಂದೇ ಒತ್ತು, ಎಲ್ಲ ದಿನವೂ ಶೂನ್ಯಕ್ಕೆ ಮುಗಿಯುವ ಅಂಕಿ. ನಿಜವಾಗಿ ಓಡಿದ ಗಾಡಿಯ ಅಂಕಿ ಹಾಗೆ ಬರುವುದಿಲ್ಲ, 47 ಬರುತ್ತದೆ, 113 ಬರುತ್ತದೆ.

ಆದ್ದರಿಂದ ಜೆರಾಕ್ಸ್ ಪ್ರತಿಗಿಂತ ಮೂಲ ಪುಸ್ತಕವನ್ನೇ ಕಣ್ಣಾರೆ ನೋಡಿ. ಜೆರಾಕ್ಸಿನಲ್ಲಿ ಶಾಯಿಯ ಬಣ್ಣ ಕಾಣುವುದಿಲ್ಲ, ತಿದ್ದಿದ ಜಾಗ ಕಾಣುವುದಿಲ್ಲ.

ಇನ್ನೊಂದು ಮಾತು. ಎಲ್ಲರನ್ನೂ ಕಳ್ಳರೆಂದು ಬರೆಯಬೇಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ತುಂಬಿ ರೋಣ, ನರಗುಂದ ತಾಲೂಕಿನ ಹಳ್ಳಿಗಳು ಮುಳುಗಿದಾಗ ನಾವು ಗಾಡಿಯಲ್ಲೇ ಮಲಗಿ ಗಾಡಿಯಲ್ಲೇ ಎದ್ದೆವು. ಆ ತಿಂಗಳ ಕಿಲೋಮೀಟರ್ ನೋಡಿ ಯಾರಾದರೂ ಅವ್ಯವಹಾರ ಎಂದರೆ ನನಗೆ ನೋವಾಗುತ್ತದೆ.

ವಿದ್ಯಾನಗರ ನಿವಾಸಿ, ಹುಬ್ಬಳ್ಳಿ

ಕಾಕಾ, ನಿಮ್ಮಂಥವರ ಮಾತೇ ನನಗೆ ಬೇಕಾಗಿತ್ತು. ಪ್ರವಾಹದ ತಿಂಗಳನ್ನು ಖಂಡಿತ ಬೇರೆಯಾಗಿಯೇ ನೋಡುತ್ತೇನೆ. ಪುಸ್ತಕ ಸಿಕ್ಕರೆ ಅದನ್ನು ಯಾವುದರ ಜೊತೆ ತಾಳೆ ಹಾಕಬೇಕು?

ನಿವೃತ್ತ ಚಾಲಕ, ಗದಗ

ಸರ್ವಿಸ್ ಬಿಲ್ಲಿನ ಜೊತೆ. ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಗಾಡಿ ಹೋದಾಗ ಅವರ ಜಾಬ್ ಕಾರ್ಡಿನಲ್ಲಿ (ಮಾಡಿದ ಕೆಲಸ ಬರೆಯುವ ಚೀಟಿಯಲ್ಲಿ) ಆ ದಿನದ ಓಡೋಮೀಟರ್ ಅಂಕಿ ಬರೆದಿರುತ್ತಾರೆ. ಅದು ಕಚೇರಿಯ ಕೈಬರಹ ಅಲ್ಲ. ಮಾರ್ಚ್ ಕೊನೆಗೆ ಲಾಗ್ ಪುಸ್ತಕದಲ್ಲಿ 1,24,000 ಎಂದಿದ್ದು ಮೇ ತಿಂಗಳ ಸರ್ವಿಸ್ ಬಿಲ್ಲಿನಲ್ಲಿ 1,09,000 ಎಂದಿದ್ದರೆ, ಆ ನಡುವಿನ ಡೀಸೆಲ್ ಎಲ್ಲಿ ಹೋಯಿತೆಂದು ಕಚೇರಿಯೇ ಹೇಳಬೇಕಾಗುತ್ತದೆ.

ರಾಣೆಬೆನ್ನೂರು ಅಡತಿ

ಬಾಡಿಗೆ ಗಾಡಿಯಾದರೆ ಫಾಸ್ಟ್ಯಾಗ್ ಕೂಡ ಇದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೋದವರು ಬಂಕಾಪುರ, ಚಳಗೇರಿ ಟೋಲ್ ದಾಟಲೇಬೇಕು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಬಿಲ್ಲಿನಲ್ಲಿ ಬೆಂಗಳೂರು ಪ್ರಯಾಣ ಇದ್ದು ಟೋಲ್ ರಸೀದಿ ಇಲ್ಲದಿದ್ದರೆ ಪ್ರಶ್ನೆ ಕೇಳಿ.

ಕೆಸಿಡಿ ಹಳೆಯ ವಿದ್ಯಾರ್ಥಿ, ಧಾರವಾಡ

ಅಣ್ಣಾ, ಸರ್ಕಾರಿ ವಾಹನಗಳ ಪೈಕಿ ಕೆಲವಕ್ಕೆ ಟೋಲ್ ವಿನಾಯಿತಿ ಇರುತ್ತದೆ. ಅದನ್ನು ಮೊದಲು ನೋಡಿಕೊಳ್ಳಬೇಕು. ಬಾಡಿಗೆ ಟ್ಯಾಕ್ಸಿಗೆ ನೀವು ಹೇಳಿದ್ದು ಸರಿ.

ಪ್ರಥಮ ದರ್ಜೆ ಸಹಾಯಕ, ಹಾವೇರಿ ಜಿಲ್ಲೆ

ನಾನು ಕಚೇರಿಯ ಒಳಗಿನವನು. ನಿಮಗೆ ಇಷ್ಟವಾಗದ ಮಾತನ್ನೂ ಹೇಳಬೇಕಾಗುತ್ತದೆ.

ನಮ್ಮಲ್ಲಿಗೆ ಬರುವ ಮಾಹಿತಿ ಹಕ್ಕು ಅರ್ಜಿಗಳಲ್ಲಿ ಕೆಲವು ನಿಮ್ಮಂಥವರದ್ದು. ಇನ್ನು ಕೆಲವು ವಸೂಲಿಯವರದ್ದು. ಅರ್ಜಿ ಹಾಕುತ್ತಾರೆ, ವಾರ ಬಿಟ್ಟು ಫೋನ್ ಮಾಡಿ "ಮಾತನಾಡಿ ಮುಗಿಸೋಣ" ಎನ್ನುತ್ತಾರೆ. ಹಣ ಸಿಕ್ಕರೆ ಅರ್ಜಿ ಹಿಂದಕ್ಕೆ. ವಾಹನ ಖರ್ಚೇ ಅವರಿಗೆ ಬಲು ಇಷ್ಟದ ವಿಷಯ, ಯಾಕೆಂದರೆ ಎಲ್ಲ ಕಚೇರಿಯಲ್ಲೂ ಏನಾದರೂ ಲೋಪ ಸಿಗುತ್ತದೆ. ಇಂಥವರಿಂದಾಗಿ ಯಾವ ಅರ್ಜಿ ಬಂದರೂ ಸಾಹೇಬರು ಹಲ್ಲು ಕಡಿಯುತ್ತಾರೆ. ಅದನ್ನು ಅನುಭವಿಸುವವರು ವಿಷಯ ನಿರ್ವಾಹಕರಾದ ನಾವು. ಹುದ್ದೆಗಳು ಖಾಲಿ, ಒಬ್ಬನಿಗೆ ಮೂರು ಶಾಖೆ, ಅದರ ಮೇಲೆ ಎರಡು ವರ್ಷದ ಲಾಗ್ ಪುಸ್ತಕ ಜೆರಾಕ್ಸ್ ಮಾಡು ಎಂದರೆ ಹೇಗೆ?

ಹಳೇ ಹುಬ್ಬಳ್ಳಿ ಶಿಕ್ಷಕಿ

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ವಸೂಲಿಗೆ ಬರುವವನಿಗೆ ಬಲ ಎಲ್ಲಿಂದ ಬರುತ್ತದೆ? ಒಳಗೆ ಮುಚ್ಚಿಟ್ಟದ್ದು ಇದೆ ಎಂಬುದರಿಂದ. ಲಾಗ್ ಪುಸ್ತಕದ ತಿಂಗಳ ಗೋಷ್ವಾರೆಯನ್ನು (ಸಾರಾಂಶ ಪಟ್ಟಿಯನ್ನು) ಇಲಾಖೆಯ ಜಾಲತಾಣದಲ್ಲೇ ಹಾಕಿಬಿಟ್ಟರೆ ವಸೂಲಿಗೆ ಬರುವವನು ಏನು ಮಾರುತ್ತಾನೆ?

ಇದು ನಮ್ಮ ಬೇಡಿಕೆ ಮಾತ್ರವಲ್ಲ, ಕಾಯ್ದೆಯಲ್ಲೇ ಇದೆ. 4(1)(ಬಿ) ಪ್ರಕಾರ ಪ್ರತಿ ಕಚೇರಿ ತನ್ನ ಆಯವ್ಯಯ, ಯೋಜಿತ ವೆಚ್ಚ, ಆದ ಬಟವಾಡೆಗಳ ವರದಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು. ಕರ್ನಾಟಕಕ್ಕಂತೂ ಅದಕ್ಕೂ ಮೊದಲೇ, 2000ದಲ್ಲೇ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಇತ್ತು. ಇಷ್ಟು ವರ್ಷವಾದರೂ ಡೀಸೆಲ್ ಲೆಕ್ಕಕ್ಕೆ ಪೋಸ್ಟಲ್ ಆರ್ಡರ್ ಹಿಡಿದು ನಿಲ್ಲಬೇಕೆಂದರೆ ತಪ್ಪು ಯಾರದು?

ಪ್ರಥಮ ದರ್ಜೆ ಸಹಾಯಕ, ಹಾವೇರಿ ಜಿಲ್ಲೆ

ಪ್ರಕಟಿಸಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಪ್ರಕಟಿಸು ಎಂದು ಆದೇಶ ಮಾಡುವ ಅಧಿಕಾರ ನನಗಿಲ್ಲ.

ಮುಂಡರಗಿ ರೈತ

ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಜಮಾಬಂದಿ ನಡೆಯುತ್ತದೆ. ಜನರ ಮುಂದೆ ಲೆಕ್ಕ ಓದಿ ಹೇಳಬೇಕು, ಓಚರ್ ತೋರಿಸಬೇಕು. ನಮ್ಮಲ್ಲಿ ನೀರಿನ ಟ್ಯಾಂಕರ್ ಬಾಡಿಗೆಯ ಬಿಲ್ಲು ಹೊರಬಿದ್ದದ್ದು ಹಾಗೆಯೇ. ಟ್ಯಾಂಕರ್ ಬಂದ ದಿನ ಯಾವುದು, ಬಾರದ ದಿನ ಯಾವುದು ಎಂದು ಕೊಡ ಹಿಡಿದು ನಿಂತ ಹೆಂಗಸರಿಗೆ ನೆನಪಿತ್ತು. ಪಿಡಿಒ ಓದುತ್ತಾ ಹೋದಂತೆ ಅವರು ಅಲ್ಲ, ಹೌದು ಎನ್ನುತ್ತಾ ಹೋದರು. ಕೊನೆಗೆ ಬಿಲ್ಲು ತಡೆಹಿಡಿಯಲಾಯಿತು. ಹಳ್ಳಿಯ ಪಂಚಾಯಿತಿಗೆ ಇರುವ ಈ ನಿಯಮ ಪಟ್ಟಣದ ದೊಡ್ಡ ಕಚೇರಿಗಳಿಗೆ ಯಾಕಿಲ್ಲ?

ವಕೀಲ, ಧಾರವಾಡ

ಮುಂಡರಗಿಯವರು ಹೇಳಿದ್ದು ಈ ಕಾಯ್ದೆಯ ಬೇರಿಗೇ ಮುಟ್ಟುತ್ತದೆ. ರಾಜಸ್ಥಾನದಲ್ಲಿ 1994ರ ಡಿಸೆಂಬರ್‌ನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ನಡೆಸಿದ ಜನಸುನವಾಯಿಯಲ್ಲಿ, ಅಂದರೆ ಬಹಿರಂಗ ಜನವಿಚಾರಣೆಯಲ್ಲಿ, ಇದನ್ನೇ ಮಾಡಿದರು. ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರ ಜನರ ಮುಂದೆ ಓದಿದರು. ಮಾಹಿತಿ ಹಕ್ಕಿಗಾಗಿ ಅವರು ಕೂತ 1996ರ ಬ್ಯಾವರ್ ಪಟ್ಟಣದ ಧರಣಿ ಆಮೇಲೆ ಬಂತು. ದಾಖಲೆಯನ್ನು ಊರಿನವರ ನೆನಪಿನ ಜೊತೆ ತಾಳೆ ಹಾಕುವುದೇ ಅದರ ಬಲವಾಗಿತ್ತು. ವಿದ್ಯಾನಗರದವರು ಮದುವೆ ಮಂಟಪದ ಮುಂದೆ ವಾಹನ ನೋಡಿದ ದಿನಾಂಕಗಳನ್ನು ಬರೆದಿಟ್ಟಿದ್ದರೆ ಅದಕ್ಕೂ ಅಷ್ಟೇ ಬೆಲೆಯಿದೆ.

ನವನಗರ, ಹುಬ್ಬಳ್ಳಿ

ನನ್ನದೊಂದು ಬೇರೆ ಪ್ರಶ್ನೆ. ಹುಬ್ಬಳ್ಳಿಗೂ ಧಾರವಾಡಕ್ಕೂ 20 ಕಿಲೋಮೀಟರ್. ಎರಡೂ ಊರಲ್ಲಿ ಕಚೇರಿ, ಎರಡೂ ಊರಲ್ಲಿ ಸಭೆ. ಒಬ್ಬೊಬ್ಬ ಅಧಿಕಾರಿಗೆ ಒಂದೊಂದು ಕಾರು ಬೆಳಿಗ್ಗೆಯಿಂದ ಸಂಜೆಯವರೆಗೆ ಆ ರಸ್ತೆಯಲ್ಲೇ ಓಡುತ್ತಿರುತ್ತದೆ. ಮೀಸಲು ಪಥದಲ್ಲಿ ಓಡುವ ಹವಾನಿಯಂತ್ರಿತ ಚಿಗರಿ ಬಸ್ಸಿದೆ. ಸಭೆಗೆ ಅದರಲ್ಲಿ ಯಾಕೆ ಹೋಗಬಾರದು?

ಸಪ್ತಾಪುರ, ಧಾರವಾಡ

ಚಿಗರಿಯ ಮಾತು ಎತ್ತಬೇಡಿ. ಬಾಗಿಲು ಕೆಟ್ಟ ಬಸ್ಸು, ಸಂಜೆ ಕಾಲಿಡಲು ಜಾಗವಿಲ್ಲದ ಬಸ್ಸು. ಅಧಿಕಾರಿಗಳು ಅದರಲ್ಲಿ ನಿಂತು ಪ್ರಯಾಣ ಮಾಡಿದರೆ ಬಸ್ಸಾದರೂ ಸುಧಾರಿಸುತ್ತದೆ ಎನ್ನುವುದಾದರೆ ನನ್ನ ಒಪ್ಪಿಗೆ ಇದೆ.

ಕೆಸಿಡಿ ಹಳೆಯ ವಿದ್ಯಾರ್ಥಿ, ಧಾರವಾಡ

ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಅವಳಿ ನಗರಕ್ಕೆ ಒಂದೇ ಪಾಲಿಕೆ ಎಂಬ 1962ರಿಂದ ಬಂದ ವ್ಯವಸ್ಥೆ ಬದಲಾಗಲಿದೆ. ಪಾಲಿಕೆಯ ಓಡಾಟವಾದರೂ ಕಡಿಮೆಯಾಗಬೇಕು.

ನವನಗರ, ಹುಬ್ಬಳ್ಳಿ

ಓಡಾಟ ಕಡಿಮೆಯಾಗಬಹುದು, ವಾಹನಗಳ ಸಂಖ್ಯೆ? ಎರಡು ಪಾಲಿಕೆ ಎಂದರೆ ಇಬ್ಬರು ಆಯುಕ್ತರು, ಇಬ್ಬರು ಮೇಯರ್. ಮೊದಲ ವರ್ಷದಿಂದಲೇ ವಾಹನ ಖರೀದಿಯ ಟೆಂಡರ್ ಮೇಲೆ ಕಣ್ಣಿಡಬೇಕು. ಸರ್ಕಾರದ ಸಂಗ್ರಹಣಾ ಜಾಲತಾಣದಲ್ಲಿ ಟೆಂಡರ್‌ಗಳನ್ನು ಯಾರು ಬೇಕಾದರೂ ನೋಡಬಹುದು.

ಟ್ಯಾಕ್ಸಿ ಮಾಲೀಕ, ಗದಗ-ಬೆಟಗೇರಿ

ವಿಷಯಕ್ಕೆ ಮರಳೋಣ. ಈಗ ಹೊಸ ವಾಹನ ಖರೀದಿಗಿಂತ ಹೊರಗುತ್ತಿಗೆ ಬಾಡಿಗೆಯೇ ಹೆಚ್ಚು, ಅಲ್ಲಿಯೇ ಹೆಚ್ಚು ಗೋಲ್‌ಮಾಲ್ ನಡೆಯುತ್ತದೆ. ತಿಂಗಳಿಗೆ ಇಂತಿಷ್ಟು ಕಿಲೋಮೀಟರ್‌ವರೆಗೆ ನಿಗದಿತ ಬಾಡಿಗೆ, ಅದಕ್ಕಿಂತ ಹೆಚ್ಚಾದರೆ ಕಿಲೋಮೀಟರ್ ಲೆಕ್ಕ ಎಂದು ಕರಾರಿನಲ್ಲಿ ಇರುತ್ತದೆ. ಪ್ರತಿ ತಿಂಗಳೂ ಮಿತಿಯನ್ನು ಸರಿಯಾಗಿ ಮುಟ್ಟಿಸಿ ಬರೆದಿರುತ್ತಾರೆ.

ನಾವು ಟ್ಯಾಕ್ಸಿ ತೆರಿಗೆ ಕಟ್ಟಿ, ಪರ್ಮಿಟ್ ಮಾಡಿಸಿ, ಹಳದಿ ಫಲಕ ಹಾಕಿ ಟೆಂಡರ್‌ಗೆ ಕಾಯುತ್ತೇವೆ. ಕೆಲವು ಕಡೆ ಬಿಳಿ ಫಲಕದ ಸ್ವಂತ ಕಾರೇ ಬಾಡಿಗೆಗೆ ಓಡುತ್ತಿರುತ್ತದೆ. ಅದು ಯಾರ ಸಂಬಂಧಿಕರ ಕಾರು ಎಂದು ವಿಚಾರಿಸಿದರೆ ಮುಂದಿನ ಸಲ ನಮ್ಮ ದರಪಟ್ಟಿಯನ್ನೇ ತೆಗೆದುಕೊಳ್ಳುವುದಿಲ್ಲ. ಇದು ನಮ್ಮ ಹೊಟ್ಟೆಪಾಡಿನ ಪ್ರಶ್ನೆ.

ಹಾಗಾಗಿ ಬಿಲ್ಲಿನಲ್ಲಿರುವ ನೋಂದಣಿ ಸಂಖ್ಯೆಗಳನ್ನು ಕಡ್ಡಾಯವಾಗಿ ಕೇಳಿ. ಕೆಎ-25 ಆಗಲಿ, 63, 26, 27 ಆಗಲಿ, ಸಾರಿಗೆ ಇಲಾಖೆಯ ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ವಾಹನದ ವರ್ಗ ತಿಳಿಯುತ್ತದೆ, ವಿಮೆ ಇದೆಯೋ ಇಲ್ಲವೋ ತಿಳಿಯುತ್ತದೆ.

ರಾಣೆಬೆನ್ನೂರು ಅಡತಿ

ಬಿಹಾರದ ಮೇವು ಹಗರಣದಲ್ಲೂ ನೋಂದಣಿ ಸಂಖ್ಯೆಯೇ ಗುಟ್ಟು ಬಿಟ್ಟುಕೊಟ್ಟಿತ್ತು. ಮೇವು, ಜಾನುವಾರು ಸಾಗಿಸಿದ ಲಾರಿ ಎಂದು ಬಿಲ್ಲಿನಲ್ಲಿ ಬರೆದ ಸಂಖ್ಯೆಗಳನ್ನು ತನಿಖೆ ಮಾಡಿದಾಗ ಅವುಗಳಲ್ಲಿ ಸ್ಕೂಟರ್‌ಗಳೂ ಮೊಪೆಡ್‌ಗಳೂ ಇದ್ದವು.

ನಿವೃತ್ತ ಚಾಲಕ, ಗದಗ

ನೋಂದಣಿ ಸಂಖ್ಯೆಯ ಜೊತೆ ನೋಂದಣಿಯ ವರ್ಷವನ್ನೂ ನೋಡಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ. ಅಂಥ ಗಾಡಿ ಕಚೇರಿಯ ಹಿಂದೆ ಹುಲ್ಲು ಬೆಳೆದು ನಿಂತಿರುತ್ತದೆ. ಅದರ ಹೆಸರಿನಲ್ಲಿ ಟೈರು, ಬ್ಯಾಟರಿಯ ಬಿಲ್ಲು ಬರುತ್ತಿದೆಯೇ ಎಂದು ಹುಡುಕಿ.

ಗೋಕುಲ ರಸ್ತೆ, ಹುಬ್ಬಳ್ಳಿ

ಕಾಕಾ ಹೇಳಿದ್ದು ಕೇಳಿದ ಮೇಲೆ ನಮ್ಮ ಬಡಾವಣೆಯ ಪಕ್ಕದ ಕಚೇರಿಯ ಹಿತ್ತಲಲ್ಲಿ ನಿಂತ ಎರಡು ಜೀಪುಗಳ ಮೇಲೆ ನನಗೂ ಅನುಮಾನ ಬರುತ್ತಿದೆ. ಶಿಕ್ಷೆಯ ಬಗ್ಗೆ ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅರ್ಜಿ ಹಾಕುತ್ತೇನೆ. ಹೇಗೆ ಬರೆಯಬೇಕು?

ವಕೀಲ, ಧಾರವಾಡ

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನೇ ಹಿಡಿದು ಅರ್ಜಿ ತಿರಸ್ಕರಿಸುತ್ತಾರೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಇಲ್ಲ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಿಲ್ಲ, 6(2) ಅದನ್ನು ಸ್ಪಷ್ಟಪಡಿಸಿದೆ. ನೀವು ಕೂಡ "ಯಾಕೆ ಖರ್ಚಾಯಿತು", "ಯಾರು ಹೊಣೆ" ಎಂದು ಪ್ರಶ್ನೆ ಹಾಕಬೇಡಿ. ಇರುವ ದಾಖಲೆ ಕೇಳಿ. ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡುವ ಹೊಣೆ ಕಚೇರಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಹೀಗೆ ಬರೆಯಬಹುದು:

"ತಮ್ಮ ಕಚೇರಿಯಲ್ಲಿ ಕಳೆದ ಆರ್ಥಿಕ ವರ್ಷದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಳಕೆಯಾದ ಸರ್ಕಾರಿ ಹಾಗೂ ಬಾಡಿಗೆ ವಾಹನಗಳಿಗೆ ಸಂಬಂಧಿಸಿದ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ನೀಡುವುದು: ವಾಹನಗಳ ನೋಂದಣಿ ಸಂಖ್ಯೆ ಮತ್ತು ಅವನ್ನು ಹಂಚಿಕೆ ಮಾಡಿದ ಹುದ್ದೆಗಳನ್ನು ತೋರಿಸುವ ದಾಖಲೆ, ಲಾಗ್ ಪುಸ್ತಕದ ಪುಟಗಳು, ಇಂಧನದ ಇಂಡೆಂಟ್ ಮತ್ತು ಬಿಲ್ಲುಗಳು, ಜಾಬ್ ಕಾರ್ಡ್ ಸಹಿತ ದುರಸ್ತಿ ಬಿಲ್ಲುಗಳು, ಬಾಡಿಗೆ ಕರಾರು ಮತ್ತು ಪಾವತಿ ಓಚರ್‌ಗಳು. ಪ್ರತಿ ನೀಡುವ ಮುನ್ನ ಮೂಲ ದಾಖಲೆಗಳ ಪರಿಶೀಲನೆಗೆ ದಿನಾಂಕ ಹಾಗೂ ಸಮಯ ತಿಳಿಸುವುದು."

ಮೂರು ತಿಂಗಳು ಸಾಕು. ಎರಡು ವರ್ಷ ಕೇಳಿದರೆ 7(9) ಎನ್ನುತ್ತಾರೆ. ಹಾವೇರಿಯ ಸಹೋದರರು ಹೇಳಿದ ಜೆರಾಕ್ಸ್ ಕಷ್ಟವೂ ಕಡಿಮೆಯಾಗುತ್ತದೆ. 30 ದಿನ ಮೀರಿದರೆ 7(6) ಪ್ರಕಾರ ಪ್ರತಿಗಳನ್ನು ಉಚಿತವಾಗಿ ಕೊಡಬೇಕು.

ಪ್ರಥಮ ದರ್ಜೆ ಸಹಾಯಕ, ಹಾವೇರಿ ಜಿಲ್ಲೆ

ಈ ಅರ್ಜಿ ನನ್ನ ಮೇಜಿಗೆ ಬಂದರೆ ನಾನು ಕೊಡಬಲ್ಲೆ. ಒಂದು ಸೇರಿಸಿ: ಅದೇ ಮೂರು ತಿಂಗಳ ಪ್ರಯಾಣ ಭತ್ಯೆಯ ಬಿಲ್ಲು ಮತ್ತು ಪ್ರವಾಸ ದಿನಚರಿಯನ್ನು ಬೇರೆ ಅರ್ಜಿಯಲ್ಲಿ ಕೇಳಿ. ಕಚೇರಿ ವಾಹನದಲ್ಲಿ ಹೋದ ದಿನಕ್ಕೆ ಪ್ರಯಾಣ ದರವನ್ನೂ ಎತ್ತಿದ್ದರೆ ಅಲ್ಲಿ ಸಿಗುತ್ತದೆ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ವಿದ್ಯಾನಗರ ನಿವಾಸಿ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದ. ಹಳೆಯ ಅರ್ಜಿಗೆ ಮೊದಲ ಮೇಲ್ಮನವಿ, ಜೊತೆಗೆ ಮೂರು ತಿಂಗಳಿಗೆ ಸೀಮಿತವಾದ ಹೊಸ ಅರ್ಜಿ, ಎರಡನ್ನೂ ಸೋಮವಾರ ಟಪಾಲು ಶಾಖೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ. ಮೂಲ ಪುಸ್ತಕ ನೋಡಲು ಹೋಗುವ ದಿನ ಲಾಗ್ ಪುಸ್ತಕ ಓದಬಲ್ಲವರು ಯಾರಾದರೂ ಜೊತೆಗಿದ್ದರೆ ಒಳ್ಳೆಯದು. ಕಾಕಾ, ಗದಗದಿಂದ ಬರಲಾಗುತ್ತದೆಯೇ?

ನಿವೃತ್ತ ಚಾಲಕ, ಗದಗ

ದಿನಾಂಕ ತಿಳಿಸಿ, ಬೆಳಗಿನ ರೈಲಿಗೆ ಬರುತ್ತೇನೆ. ನಿಮ್ಮ ಜೊತೆ ನಾನೂ ಕೂರಬಹುದೆಂದು ಅವರಿಂದ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ, ಬಾಗಿಲಲ್ಲಿ ವಾದ ಬೇಡ.

ಮುಂಡರಗಿ ರೈತ

ಮೊದಲ ಮೇಲ್ಮನವಿಯಲ್ಲೂ ಕೊಡದಿದ್ದರೆ ಬೆಂಗಳೂರಿಗೆ ಹೋಗಬೇಕೇ?

ವಕೀಲ, ಧಾರವಾಡ

ಬೇಕಿಲ್ಲ. ಮೇಲ್ಮನವಿ ಪ್ರಾಧಿಕಾರ 30 ದಿನಗಳಲ್ಲಿ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕು. ಆಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ರಾಜ್ಯ ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ಮಾಹಿತಿ ತಡೆದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ಆಯೋಗ ದಂಡ ಹಾಕಬಹುದು, ಅದು ಅಧಿಕಾರಿಯ ಸ್ವಂತ ಹಣದಿಂದ ಹೋಗಬೇಕು. ಎರಡನೇ ಮೇಲ್ಮನವಿಯಲ್ಲಿ ದಂಡದ ಕೋರಿಕೆಯನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ.